ಹಗಲು ಕಡತ, ಇರುಳು ಕಥೆ

1910ರ ಏಪ್ರಿಲ್ ತಿಂಗಳು. ಪ್ರಾಗ್ ನಗರದ ಅರೆಸರ್ಕಾರಿ ವಿಮಾ ಸಂಸ್ಥೆಯೊಂದರ ಅಧ್ಯಕ್ಷರ ಕೊಠಡಿ. ಬಡ್ತಿ ಪಡೆದ ಮೂವರು ಯುವಕ ನೌಕರರು ರೂಢಿಯಂತೆ ಕೃತಜ್ಞತೆಯನ್ನು ಅರ್ಪಿಸಲು ಅಧ್ಯಕ್ಷರ ಎದುರಿಗೆ ಸಾಲಾಗಿ ನಿಂತಿದ್ದಾರೆ. ಮೂವರ ಪರವಾಗಿ ಒಬ್ಬನು ಮಾತನಾಡಿ ಮುಗಿಸಿದನು. ಅಧ್ಯಕ್ಷರು ತಮ್ಮ ಪದವಿಗೆ ತಕ್ಕ ಗಾಂಭೀರ್ಯದಿಂದ ಪ್ರತ್ಯುತ್ತರ ಹೇಳತೊಡಗಿದರು. ಆಗ ಸಾಲಿನಲ್ಲಿದ್ದ ಇಪ್ಪತ್ತಾರು ವರ್ಷದ ಎತ್ತರದ ಯುವಕನೊಬ್ಬನಿಗೆ ನಗು ಬಂದಿತು. ಮೊದಲು ಅದನ್ನು ಕೆಮ್ಮಿನ ನೆಪದಲ್ಲಿ ಅಡಗಿಸಿದನು. ಅಧ್ಯಕ್ಷರು ಒಂದೆರಡು ವಿನೋದದ ಮಾತನ್ನಾಡಿದಾಗ, ಅದಕ್ಕೇ ನಗುತ್ತಿರುವವನಂತೆ ನಕ್ಕನು. ಆದರೆ ವಿನೋದ ಮುಗಿದ ಮೇಲೂ ನಗು ನಿಲ್ಲಲಿಲ್ಲ. ಪಕ್ಕದಲ್ಲಿದ್ದ ಸಹೋದ್ಯೋಗಿಯು ಗಾಬರಿಯಿಂದ ಏನೋ ಮಾತು ತೆಗೆದು ಸಂದರ್ಭವನ್ನು ಉಳಿಸಲು ಹೋದನು. ಅದರಿಂದ ನಗು ಇನ್ನೂ ಹೆಚ್ಚಿತು. ಕೊನೆಗೆ ಆ ಯುವಕನು ಅಧ್ಯಕ್ಷರ ಮುಖವನ್ನೇ ನೋಡುತ್ತ, ಎದೆ ಬಿರಿಯುವಂತೆ, ಮುಚ್ಚುಮರೆಯಿಲ್ಲದೆ ನಗತೊಡಗಿದನು. ಬಡ್ತಿ ಸಿಕ್ಕ ದಿನವೇ ಕೆಲಸ ಹೋಗುವ ಕಾಲ ಬಂದಿತ್ತು!

ಕೆಲಸ ಹೋಗಲಿಲ್ಲ. ಕ್ಷಮೆ ಬೇಡಿ ಬರೆದ ಪತ್ರವೂ, ಅಧ್ಯಕ್ಷರ ಮಗನ ಸ್ನೇಹವೂ ಸೇರಿ ಅವನನ್ನು ಉಳಿಸಿದವು. ಆ ಯುವಕನ ಹೆಸರು ಫ್ರಾಂಝ್ ಕಾಫ್ಕ. ಇಂದು ಜಗತ್ತಿನ ದೊಡ್ಡ ಭಾಷೆಗಳಲ್ಲೆಲ್ಲ ಓದಲಾಗುವ ಅದೇ ಕಾಫ್ಕ; ಮನುಷ್ಯನೊಬ್ಬನು ಬೆಳಿಗ್ಗೆ ಎದ್ದಾಗ ಹುಳುವಾಗಿ ಮಾರ್ಪಟ್ಟಿದ್ದ ಕಥೆಯನ್ನು ಬರೆದವನು. ಅವನ ಹೆಸರು ಕೇಳಿದೊಡನೆ ಓದುಗರು ಕತ್ತಲೆಯನ್ನೂ ಭಯವನ್ನೂ ನೆನೆಯುತ್ತಾರೆ. ಅವನು ನಗುತ್ತಿದ್ದನೆಂಬುದನ್ನು ನೆನೆಯುವವರು ಕಡಮೆ. ಅವನು ಜೀವನದ ಹದಿನಾಲ್ಕು ವರ್ಷಗಳನ್ನು ಒಂದೇ ಕಛೇರಿಯ ಸೇವೆಯಲ್ಲಿ ಕಳೆದನೆಂಬುದನ್ನು ನೆನೆಯುವವರು ಇನ್ನೂ ಕಡಮೆ.

ನನಗೆ ಈ ವಿಷಯದಲ್ಲಿ ಸ್ವಾರ್ಥವುಂಟು. ಹಗಲಿನಲ್ಲಿ ನಾನು ಕಾಲೇಜಿನ ಕನ್ನಡ ಅಧ್ಯಾಪಕ. ಬೆಳಿಗ್ಗೆ ಹಳಗನ್ನಡ, ಮಧ್ಯಾಹ್ನ ವ್ಯಾಕರಣ, ಸಂಜೆ ಉತ್ತರ ಪತ್ರಿಕೆಗಳ ಕಟ್ಟು. ರಾತ್ರಿ ಮನೆಯವರು ಮಲಗಿದ ಮೇಲೆ ಕಥೆ ಬರೆಯುತ್ತೇನೆ. ನನ್ನ ಕಥೆಗಳಲ್ಲಿ ಸಾವು ಹೆಚ್ಚು, ನಗುವೂ ಹೆಚ್ಚು. ಒಂದರಲ್ಲಿ ಸತ್ತವನ ಹೆಸರಿಗೆ ಬಡ್ತಿಯ ಆಜ್ಞೆ ಬರುತ್ತದೆ; ಮನೆಯವರು ಅಳಬೇಕೋ ಸಿಹಿ ಹಂಚಬೇಕೋ ತಿಳಿಯದೆ ಕಂಗಾಲಾಗುತ್ತಾರೆ. ಅದನ್ನು ಓದಿದ ನನ್ನ ಹೆಂಡತಿ, “ಅಲ್ಲಾರೀ, ನಿಮ್ಮ ಕಥೇಲಿ ಸಾಯೋರೆಲ್ಲ ಯಾಕೆ ನಮ್ಮ ಕಡೆ ನೆಂಟರ ಹಾಗೇ ಇರ್ತಾರೆ?” ಎಂದು ಕೇಳಿದಳು. ಉತ್ತರ ಹೊಳೆಯದೆ ಕನ್ನಡಕ ಒರೆಸಿಕೊಂಡೆ. ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ರಾಜೀನಾಮೆ ಪತ್ರವಿದೆ. ಬರೆದು ಆರು ವರ್ಷಗಳಾದವು. ವರ್ಷಕ್ಕೊಮ್ಮೆ ಅದನ್ನು ಹೊರತೆಗೆದು ಭಾಷೆಯನ್ನು ತಿದ್ದಿ ಮತ್ತೆ ಒಳಗಿಡುತ್ತೇನೆ. ಈಗ ಅದು ನನ್ನ ಬರಹಗಳಲ್ಲೆಲ್ಲ ಹೆಚ್ಚು ಪರಿಷ್ಕಾರ ಪಡೆದ ಕೃತಿಯಾಗಿದೆ.

ಹೊಟ್ಟೆಪಾಡಿನ ಕೆಲಸವನ್ನೂ ಬರವಣಿಗೆಯನ್ನೂ ಜೊತೆಯಲ್ಲಿ ಎಳೆದವರು ನಮ್ಮ ನಾಡಿಗೆ ಹೊಸಬರಲ್ಲ. ಬೀಚಿಯವರು ಪೊಲೀಸ್ ಇಲಾಖೆಯ ಕಡತಗಳ ನಡುವೆ ತಿಂಮನನ್ನು ಬೆಳೆಸಿದರು. ‘ರಾಶಿ’ಯವರು ರೋಗಿಗಳ ನಾಡಿ ಹಿಡಿಯುತ್ತಲೇ 1942ರಿಂದ ‘ಕೊರವಂಜಿ’ಯನ್ನು ನಡೆಸಿದರು. ಆದರೆ ಆ ಎರಡು ಬದುಕುಗಳ ಜಗಳವನ್ನು ಕಾಫ್ಕನಷ್ಟು ವಿವರವಾಗಿ, ಪತ್ರಗಳಲ್ಲಿಯೂ ದಿನಚರಿಯಲ್ಲಿಯೂ ಬರೆದಿಟ್ಟವರು ವಿರಳ. ಆ ಜಗಳದ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ.

ಎರಡು ಗಂಟೆಯ ಆಸೆ

ಕಾಫ್ಕನು ಹುಟ್ಟಿದ್ದು 1883ರ ಜುಲೈ 3ರಂದು, ಪ್ರಾಗ್ ನಗರದಲ್ಲಿ. ಇಂದು ಅದು ಚೆಕ್ ಗಣರಾಜ್ಯದ ರಾಜಧಾನಿ. ಆಗ ಆಸ್ಟ್ರಿಯ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ ಬೊಹೀಮಿಯದ ಮುಖ್ಯ ಪಟ್ಟಣ. ಮನೆಯ ಮಾತು ಜರ್ಮನ್, ಮತ ಯೆಹೂದಿ. ತಂದೆಯದು ಅಲಂಕಾರ ಸಾಮಗ್ರಿಗಳ ಅಂಗಡಿ. ಕಡುಬಡತನದಿಂದ ಮೇಲೆ ಬಂದ ತಂದೆಗೆ ಮಗನ ಬರವಣಿಗೆ ಅರ್ಥವಾಗದ ಸಂಗತಿ. ಮಗನು 1906ರಲ್ಲಿ ಕಾನೂನಿನಲ್ಲಿ ಡಾಕ್ಟರ್ ಪದವಿ ಪಡೆದು, ಒಂದು ವರ್ಷ ನ್ಯಾಯಾಲಯಗಳಲ್ಲಿ ಸಂಬಳವಿಲ್ಲದೆ ದುಡಿದು, 1907ರ ಅಕ್ಟೋಬರಿನಲ್ಲಿ ಇಟಲಿ ಮೂಲದ ಖಾಸಗಿ ವಿಮಾ ಕಂಪನಿಯೊಂದಕ್ಕೆ ಸೇರಿದನು. ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆ ಆರಕ್ಕೆ ಬಿಡುವು. ಎಷ್ಟೋ ದಿನ ಆರಕ್ಕೂ ಇಲ್ಲ. ಆ ತಿಂಗಳುಗಳಲ್ಲಿ ಬರವಣಿಗೆ ಬಹುಮಟ್ಟಿಗೆ ನಿಂತಿತು. ಒಂಬತ್ತೇ ತಿಂಗಳಲ್ಲಿ ಅನಾರೋಗ್ಯದ ಕಾರಣ ಹೇಳಿ ಕೆಲಸ ಬಿಟ್ಟನು.

ಅವನು ಹುಡುಕುತ್ತಿದ್ದುದು ದೊಡ್ಡ ಸಂಬಳವನ್ನಲ್ಲ, ಚಿಕ್ಕ ಹಗಲನ್ನು. ಬೊಹೀಮಿಯದ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ ಕೆಲಸ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಮಾತ್ರ. ಸಹಪಾಠಿಯ ತಂದೆಯೇ ಅಲ್ಲಿ ಅಧ್ಯಕ್ಷರು. ನಮ್ಮಲ್ಲಿ ‘ವಶೀಲಿ’ ಎನ್ನುತ್ತೇವಲ್ಲ, ಅದು ಪ್ರಾಗ್‌ನಲ್ಲಿಯೂ ಇತ್ತು. ಆ ಬಾಗಿಲಿನಿಂದ 1908ರ ಜುಲೈ ಕೊನೆಯಲ್ಲಿ ಕಾಫ್ಕನು ಒಳಗೆ ಹೋದನು. ಎರಡು ವರ್ಷಗಳೊಳಗೆ ಅದೇ ಅಧ್ಯಕ್ಷರ ಎದುರಿಗೆ ನಿಂತು ನಕ್ಕದ್ದನ್ನು ಆಗಲೇ ಹೇಳಿದ್ದಾಗಿದೆ.

ಅವನ ಗೆಳೆಯ ಮ್ಯಾಕ್ಸ್ ಬ್ರಾಡ್ ಕೂಡ ಇಂಥದೇ ಲೆಕ್ಕ ಹಾಕಿ ಅಂಚೆ ಇಲಾಖೆಯನ್ನು ಸೇರಿದನು. ಬ್ರಾಡ್ ಬರೆದಿರುವಂತೆ, ಅನ್ನ ಕೊಡುವ ಕೆಲಸಕ್ಕೂ ಸಾಹಿತ್ಯಕ್ಕೂ ಯಾವ ಸಂಬಂಧವೂ ಇರಕೂಡದೆಂಬುದು ಕಾಫ್ಕನ ಹಟ. ಪತ್ರಿಕೆಗೆ ಬರೆದು ಹೊಟ್ಟೆ ಹೊರೆಯುವುದು ಸಾಹಿತ್ಯವನ್ನು ಕೆಳಗಿಳಿಸಿದಂತೆ. ಅದಕ್ಕಿಂತ ವಿಮೆಯ ಲೆಕ್ಕವೇ ಮೇಲು. ಎರಡರ ನಡುವೆ ಗೋಡೆಯಿರಬೇಕು. ಆದರೆ ಆ ಗೋಡೆಯಲ್ಲಿ ಬಿರುಕು ಬಿಟ್ಟಿತು. ಅವನ ಕಥೆಗಳು ಬಂದದ್ದು ಆ ಬಿರುಕಿನಿಂದಲೇ ಎಂಬುದು ನನ್ನ ಎಣಿಕೆ.

ಕತ್ತರಿಸಿದ ಬೆರಳುಗಳು

ಆ ಕಛೇರಿಯಲ್ಲಿ ಅವನ ಕೆಲಸವೇನು? ಕಾರ್ಖಾನೆಗಳನ್ನು ಅಪಾಯಕ್ಕೆ ತಕ್ಕಂತೆ ವರ್ಗಗಳಾಗಿ ವಿಂಗಡಿಸುವುದು. ವರ್ಗಕ್ಕೆ ತಕ್ಕಂತೆ ಮಾಲೀಕರು ವಿಮೆಯ ಕಂತು ಕಟ್ಟುವಂತೆ ನೋಡಿಕೊಳ್ಳುವುದು. ಕಂತು ಹೆಚ್ಚಾಯಿತೆಂದು ಮೇಲ್ಮನವಿ ಸಲ್ಲಿಸುವ ಮಾಲೀಕರಿಗೆ ಕಾನೂನುಬದ್ಧವಾಗಿ ಉತ್ತರ ಬರೆಯುವುದು. ರೈಲು ಹತ್ತಿ ಉತ್ತರ ಬೊಹೀಮಿಯದ ಕೈಗಾರಿಕಾ ಊರುಗಳಿಗೆ ಹೋಗಿ ತನಿಖೆ ಮಾಡುವುದು.

1909ನೆಯ ಸಾಲಿನ ವಾರ್ಷಿಕ ವರದಿಗಾಗಿ ಅವನು ಮರ ಹೆರೆಯುವ ಯಂತ್ರಗಳ ಕುರಿತು ಒಂದು ಲೇಖನವನ್ನು ಸಿದ್ಧಪಡಿಸಿದನು. ಆ ಯಂತ್ರಗಳಲ್ಲಿ ಅಲಗುಗಳನ್ನು ಬಿಗಿದ ಚೌಕಾಕಾರದ ದಂಡವೊಂದು ವೇಗವಾಗಿ ತಿರುಗುತ್ತಿತ್ತು. ದಂಡಕ್ಕೂ ಮೇಜಿಗೂ ನಡುವೆ ಸಂದು. ಹಲಗೆ ಸ್ವಲ್ಪ ಹಿಂದಕ್ಕೆ ನೆಗೆದರೆ ಸಾಕು, ಎಷ್ಟೇ ಎಚ್ಚರದ ಬಡಗಿಯಾದರೂ ಅವನ ಬೆರಳು ಆ ಸಂದಿನೊಳಗೆ. ದುಂಡು ದಂಡವನ್ನು ಬಳಸಿ ಅಲಗುಗಳನ್ನು ಅದರೊಳಗೆ ಹುದುಗಿಸಿದರೆ ಬೆರಳು ಜಾರಿದರೂ ಸಣ್ಣ ಗಾಯವಷ್ಟೇ ಆಗುತ್ತದೆ, ಕೆಲಸ ನಿಲ್ಲಿಸಬೇಕಾದ ಪ್ರಮೇಯವಿಲ್ಲ ಎಂದು ಕಾಫ್ಕನು ಚಿತ್ರಸಹಿತವಾಗಿ ವಿವರಿಸಿದನು. ದುಂಡು ದಂಡವೇ ಅಗ್ಗವೆಂಬುದನ್ನೂ ತೋರಿಸಿದನು. ದಯೆಯಿಂದ ಕರಗದ ಮಾಲೀಕನು ಲಾಭದಿಂದ ಕರಗುತ್ತಾನೆಂಬುದು ಅವನಿಗೆ ಗೊತ್ತಿತ್ತು.

ವರದಿಯಲ್ಲಿ ಒಂದೇ ಒಂದು ಉದ್ಗಾರವಿಲ್ಲ. ಕತ್ತರಿಸಿಹೋದ ಬೆರಳ ಗೆಣ್ಣುಗಳ ಚಿತ್ರದ ಪಕ್ಕದಲ್ಲಿ ಶುದ್ಧ ಕಛೇರಿ ಭಾಷೆ. ಆದರೆ ಅದೇ ಕಾಲದಲ್ಲಿ ಬ್ರಾಡನಿಗೆ ಬರೆದ ಪತ್ರದ ಧಾಟಿಯೇ ಬೇರೆ. ತನ್ನ ಪಾಲಿನ ಜಿಲ್ಲೆಗಳಲ್ಲಿ ಜನ ಕುಡಿದವರಂತೆ ಸಾರುವೆಯಿಂದ ಕೆಳಗೆ ಬೀಳುತ್ತಾರೆ, ಯಂತ್ರದೊಳಗೆ ಬೀಳುತ್ತಾರೆ, ಏಣಿಗಳೆಲ್ಲ ಜಾರುತ್ತವೆ, ಪಿಂಗಾಣಿ ಕಾರ್ಖಾನೆಯ ಹುಡುಗಿಯರು ಪಾತ್ರೆಗಳ ಗೋಪುರವನ್ನು ಹೊತ್ತುಕೊಂಡೇ ಮೆಟ್ಟಿಲಿನಿಂದ ಉರುಳುತ್ತಾರೆ. ಇದರಿಂದ ತನಗೆ ತಲೆನೋವು ಎಂದು ಗೋಳಾಡುತ್ತಾನೆ. ಓದುವಾಗ ನಗು ಬರುತ್ತದೆ. ನಕ್ಕ ಮರುಕ್ಷಣ, ಆ ಹುಡುಗಿಯರು ನಿಜವಾದ ಹುಡುಗಿಯರೆಂಬುದು ನೆನಪಾಗಿ ನಗು ಗಂಟಲಿನಲ್ಲಿಯೇ ನಿಲ್ಲುತ್ತದೆ.

ಕಾಫ್ಕನ ಹಾಸ್ಯವೆಂದರೆ ಇದೇ. ಅತ್ಯಂತ ಭಯಂಕರವಾದುದನ್ನು ಅತ್ಯಂತ ಅಚ್ಚುಕಟ್ಟಾಗಿ, ಪ್ರಕರಣಕ್ಕೊಂದು ಸಂಖ್ಯೆ ಕೊಟ್ಟಂತೆ ಹೇಳುವುದು. ಈ ಧಾಟಿಯನ್ನು ಅವನು ಯಾವ ಸಾಹಿತ್ಯ ಶಾಲೆಯಲ್ಲಿ ಕಲಿತನು? ಎಂಟರಿಂದ ಎರಡರವರೆಗೆ ಪ್ರತಿದಿನವೂ ಅದರಲ್ಲಿಯೇ ಅಭ್ಯಾಸ ಮಾಡುತ್ತಿದ್ದನಲ್ಲವೆ?

1914ರ ಅಕ್ಟೋಬರಿನಲ್ಲಿ ಅವನು ‘ದಂಡನೆಯ ದ್ವೀಪದಲ್ಲಿ’ ಎಂದು ಕರೆಯಬಹುದಾದ ಕಥೆಯನ್ನು ಬರೆದನು. ಅದರಲ್ಲಿ ಅಪರಾಧಿಯ ಮೈಮೇಲೆ ಅವನ ತೀರ್ಪನ್ನೇ ಸೂಜಿಗಳಿಂದ ಕೊರೆಯುವ ಯಂತ್ರವೊಂದಿದೆ. ಅಧಿಕಾರಿಯೊಬ್ಬನು ಆ ಯಂತ್ರದ ಭಾಗಗಳನ್ನು ಪ್ರವಾಸಿಗೆ ಎಷ್ಟು ಹೆಮ್ಮೆಯಿಂದ, ಎಷ್ಟು ಕ್ರಮವಾಗಿ ವಿವರಿಸುತ್ತಾನೆಂದರೆ, ಅದು ಯಂತ್ರ ತಪಾಸಣೆಯ ವರದಿಯನ್ನೇ ಓದಿದಂತಿದೆ. ಆ ವರ್ಷದ ಕಛೇರಿ ವರದಿಯಲ್ಲಿ ಕಲ್ಲುಗಣಿಗಳ ಅಪಘಾತಗಳ ಮೇಲೆ ಕಾಫ್ಕನ ಲೇಖನವಿದೆ. ಅದೇ ವರ್ಷ ಬರೆಯತೊಡಗಿದ ‘ವಿಚಾರಣೆ’ ಎಂಬ ಕಾದಂಬರಿಯ ನಾಯಕನು ಕೊನೆಗೆ ಸಾಯುವುದು ಒಂದು ಕಲ್ಲುಗಣಿಯಲ್ಲಿ.

ಒಂದೇ ರಾತ್ರಿಯ ಕಥೆ

ಎರಡು ಗಂಟೆಗೆ ಬಿಡುವಾದವನು ಮನೆಗೆ ಬಂದು ಬರೆಯುತ್ತಿದ್ದನೇ? ಇಲ್ಲ. 1912ರ ನವೆಂಬರಿನಲ್ಲಿ ಫೆಲಿಸ್ ಬಾವರ್ ಎಂಬ ತರುಣಿಗೆ ಬರೆದ ಪತ್ರದಲ್ಲಿ ತನ್ನ ದಿನವನ್ನು ಗಂಟೆಗಂಟೆಯಾಗಿ ವಿವರಿಸಿದ್ದಾನೆ. ಮಧ್ಯಾಹ್ನ ಊಟ. ಬಳಿಕ ಸಂಜೆ ಏಳೂವರೆಯವರೆಗೆ ನಿದ್ರೆ ಅಥವಾ ನಿದ್ರೆಯ ಪ್ರಯತ್ನ. ತೆರೆದ ಕಿಟಕಿಯ ಬಳಿ ಹತ್ತು ನಿಮಿಷ ಅಂಗಸಾಧನೆ. ಒಂದು ಗಂಟೆ ತಿರುಗಾಟ. ಮನೆಯವರೊಂದಿಗೆ ರಾತ್ರಿಯ ಊಟ. ಹತ್ತೂವರೆಗೋ ಹನ್ನೊಂದೂವರೆಗೋ ಮೇಜಿನ ಮುಂದೆ. ಶಕ್ತಿ ಇರುವವರೆಗೆ ಬರವಣಿಗೆ. ಒಂದು, ಎರಡು, ಮೂರು ಗಂಟೆ. ಒಮ್ಮೆ ಬೆಳಗಿನ ಆರರವರೆಗೆ. ಆಮೇಲೆ ನಿದ್ರೆ ಬಾರದೆ ಹೊರಳಾಟ. ಎಂಟಕ್ಕೆ ಮತ್ತೆ ಕಛೇರಿ.

ಆರರವರೆಗೆ ಬರೆದ ಆ ರಾತ್ರಿ 1912ರ ಸೆಪ್ಟೆಂಬರ್ 22. ಹತ್ತು ಗಂಟೆಗೆ ಕುಳಿತವನು ‘ತೀರ್ಪು’ ಎಂಬ ಕಥೆಯನ್ನು ಒಂದೇ ಉಸಿರಿನಲ್ಲಿ ಬರೆದು ಮುಗಿಸಿದಾಗ ಮನೆಗೆಲಸದವಳು ಏಳುವ ಹೊತ್ತಾಗಿತ್ತು. ಕುಳಿತು ಕುಳಿತು ಕಾಲುಗಳು ಮರಗಟ್ಟಿದ್ದವು. ಬರೆಯುವುದೆಂದರೆ ಹೀಗೆಯೇ ಬರೆಯಬೇಕು ಎಂಬ ನಂಬಿಕೆ ಅವನಿಗೆ ಬಂದದ್ದು ಅಂದು. ಸರಿ, ಮುಂದೇನು ಮಾಡಿದನು? ಮೇಲಧಿಕಾರಿಗೆ ಒಂದು ಚೀಟಿ ಕಳುಹಿಸಿದನು: ಬೆಳಿಗ್ಗೆ ಸ್ವಲ್ಪ ತಲೆ ತಿರುಗಿ ಬಿದ್ದೆ, ಜ್ವರವೂ ಇದೆ, ಬಹುಶಃ ಹನ್ನೆರಡರ ಮೇಲೆ ಬರುತ್ತೇನೆ ಎಂಬ ಅರ್ಥದ ಚೀಟಿ. ಆಧುನಿಕ ಸಾಹಿತ್ಯದ ಒಂದು ಮಹಾರಾತ್ರಿಯು ಕಛೇರಿಯ ದಾಖಲೆಯಲ್ಲಿ ಸಣ್ಣ ಜ್ವರವಾಗಿ ನಮೂದಾಯಿತು.

ಎಲ್ಲ ರಾತ್ರಿಗಳೂ ಹಾಗೆ ಒದಗಲಿಲ್ಲ. ಅದೇ ವರ್ಷ ನವೆಂಬರ್ 17ರಂದು ಹುಳುವಾದ ಮನುಷ್ಯನ ಕಥೆ ಅವನ ಮನಸ್ಸಿಗೆ ಬಂದಿತು. ಇಂಥ ಕಥೆಯನ್ನು ಹತ್ತು ಹತ್ತು ಗಂಟೆಗಳ ಎರಡು ಕೂಟಗಳಲ್ಲಿ ಮುಗಿಸಬೇಕೆಂದು ಅವನ ಆಸೆ. ಆದರೆ ನಡುವೆ ಕಛೇರಿಯ ಮೊಕದ್ದಮೆಯೊಂದಕ್ಕಾಗಿ ಪರವೂರಿಗೆ ಪ್ರಯಾಣ. ಕಥೆಯ ಎಳೆ ಕಡಿಯಿತು. ಡಿಸೆಂಬರ್ 7ಕ್ಕೆ ಮುಗಿಸಿದನಾದರೂ, ಆ ಪ್ರಯಾಣದಿಂದ ಕಥೆಗೆ ಊನವಾಯಿತೆಂಬ ಕೊರಗು ಅವನನ್ನು ಬಿಡಲಿಲ್ಲ.

ನಗುವಿನ ಬೇರು

ಆ ಕಥೆಯನ್ನೇ ನೋಡಿ. ಗ್ರೆಗರ್ ಸಾಮ್ಸ ಎಂಬ ವ್ಯಾಪಾರಿ ಪ್ರತಿನಿಧಿಯು ಬೆಳಿಗ್ಗೆ ಕಣ್ಣು ತೆರೆದಾಗ ದೊಡ್ಡ ಹುಳುವಾಗಿದ್ದಾನೆ. ಹತ್ತಾರು ಕಾಲುಗಳು ಗಾಳಿಯಲ್ಲಿ ಆಡುತ್ತಿವೆ. ಅವನಿಗೆ ಬರುವ ಚಿಂತೆ ಯಾವುದು? ‘ಅಯ್ಯೋ, ನಾನು ಹುಳುವಾದೆನಲ್ಲ’ ಎಂದಲ್ಲ; ಐದು ಗಂಟೆಯ ರೈಲು ತಪ್ಪಿತಲ್ಲ ಎಂದು! ಕಾಯಿಲೆಯೆಂದು ಹೇಳಿ ಕಳುಹಿಸೋಣವೆಂದರೆ, ಧಣಿಯು ವಿಮೆಯ ವೈದ್ಯನನ್ನು ಕರೆದುಕೊಂಡು ಬರುತ್ತಾನೆ. ಆ ವೈದ್ಯನ ಕಣ್ಣಿಗೆ ಜಗತ್ತಿನಲ್ಲಿರುವವರೆಲ್ಲ ಆರೋಗ್ಯವಂತರು, ಆದರೆ ಮೈಗಳ್ಳರು. ಈ ವೈದ್ಯನನ್ನು ಕಲ್ಪಿಸಲು ವಿಮಾ ಕಛೇರಿಯ ಒಳಗಿನವನೇ ಬೇಕು. ಅಷ್ಟರಲ್ಲಿ ಕಛೇರಿಯ ಮುಖ್ಯಸ್ಥನೇ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಒಂದು ದಿನ ತಡವಾದರೆ ಏನಾಗುವುದೋ ಎಂಬ ಭಯ ನಮಗೆ ಯಾರಿಗೆ ಇಲ್ಲ? ಅದಕ್ಕೇ ನಗುತ್ತೇವೆ; ಅದಕ್ಕೇ ಬೆವರುತ್ತೇವೆ.

‘ವಿಚಾರಣೆ’ಯ ಮೊದಲನೆಯ ಅಧ್ಯಾಯವನ್ನು ಗೆಳೆಯರಿಗೆ ಓದಿ ಹೇಳಿದಾಗ ಎಲ್ಲರೂ ಹೊಟ್ಟೆ ಹಿಡಿದು ನಕ್ಕರಂತೆ. ಕಾಫ್ಕನೇ ನಕ್ಕು ನಕ್ಕು ಮುಂದೆ ಓದಲಾರದೆ ನಿಂತುಬಿಡುತ್ತಿದ್ದನೆಂದು ಬ್ರಾಡ್ ಬರೆದಿದ್ದಾನೆ. ಯಾವ ತಪ್ಪಿಗೆಂದು ತಿಳಿಯದೆಯೇ ಬಂಧನಕ್ಕೊಳಗಾಗುವ ಮನುಷ್ಯನ ಕಥೆ ಅದು.

ಇನ್ನು ‘ಕೋಟೆ’ ಎಂಬ ಕಾದಂಬರಿ. ಭೂಮಾಪಕನೊಬ್ಬನು ಹಳ್ಳಿಗೆ ಬರುತ್ತಾನೆ. ಅವನನ್ನು ಕರೆಸಿದವರಾರೆಂಬುದಕ್ಕೆ ಹಳ್ಳಿಯ ಮುಖ್ಯಸ್ಥನು ಕಡತದ ಪುರಾಣ ಹೇಳುತ್ತಾನೆ. ಭೂಮಾಪಕ ಬೇಡವೆಂದು ಬರೆದ ಉತ್ತರವು ಒಂದು ಇಲಾಖೆಗೆ ಹೋಗುವ ಬದಲು ಮತ್ತೊಂದಕ್ಕೆ ಹೋಯಿತು. ಹೋದದ್ದೂ ಬರಿಯ ಹೊದಿಕೆ, ಒಳಗಿನ ಕಾಗದವಿಲ್ಲ. ಆ ಖಾಲಿ ಹೊದಿಕೆಯ ಮೇಲೆ ವರ್ಷಗಟ್ಟಲೆ ಪತ್ರವ್ಯವಹಾರ. ಆ ಕಾಗದವನ್ನು ಹುಡುಕಲೆಂದು ಬೀರುವನ್ನು ತೆರೆದರೆ ಕಟ್ಟುಗಳು ನೆಲದ ತುಂಬ ಚೆಲ್ಲುತ್ತವೆ. ಮತ್ತೆ ತುಂಬಲಾಗದೆ ಬೀರುವನ್ನೇ ಅಡ್ಡ ಮಲಗಿಸಿ, ಕಾಗದ ತುರುಕಿ, ಬಾಗಿಲಿನ ಮೇಲೆ ಕುಳಿತು ಮುಚ್ಚುತ್ತಾರೆ! ಯಾವುದೇ ಕಛೇರಿಯಲ್ಲಿ ಒಂದು ಹಳೆಯ ದಾಖಲೆಗಾಗಿ ಅಲೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

1920ರಲ್ಲಿ ಬರೆದ ಒಂದು ಪುಟ್ಟ ಬರಹದಲ್ಲಿ ಗ್ರೀಕರ ಸಮುದ್ರದೇವ ಪೊಸೈಡನ್ ಮೇಜಿನ ಮುಂದೆ ಕುಳಿತು ಸಾಗರಗಳ ಲೆಕ್ಕ ಬರೆಯುತ್ತಿದ್ದಾನೆ. ಸಹಾಯಕರ ಮೇಲೆ ನಂಬಿಕೆಯಿಲ್ಲದೆ ಎಲ್ಲವನ್ನೂ ತಾನೇ ಮರುಲೆಕ್ಕ ಹಾಕುತ್ತಾನೆ. ಹೀಗಾಗಿ ಸಮುದ್ರವನ್ನು ಸರಿಯಾಗಿ ನೋಡಲು ಅವನಿಗೆ ಪುರಸತ್ತೇ ಆಗಿಲ್ಲ. ವರ್ಷಕ್ಕೆ ಇನ್ನೂರು ಉತ್ತರ ಪತ್ರಿಕೆಗಳಲ್ಲಿ ಪಂಪನ ಕುರಿತು ಓದಿ, ಪಂಪನನ್ನು ಓದಲು ಪುರಸತ್ತಿಲ್ಲದ ಅಧ್ಯಾಪಕನಿಗೆ ಈ ಪೊಸೈಡನ್ ಖಾಸಾ ನೆಂಟ.

ಮನೆಯೆಂಬ ಎರಡನೆಯ ಕಛೇರಿ

ಕಛೇರಿಯೊಂದನ್ನೇ ದೂಷಿಸಿದರೆ ಅನ್ಯಾಯವಾದೀತು. ಕಛೇರಿಯ ನಿರ್ದೇಶಕ ಮಾರ್ಶ್ನರ್ ಸಾಹಿತ್ಯಪ್ರಿಯ. ಒಮ್ಮೆ ಹೊರಗೆ ಗುಮಾಸ್ತೆಗಳೂ ಕಕ್ಷಿಗಾರರೂ ಕಾದು ನಿಂತಿದ್ದಾಗ, ಒಳಗೆ ನಿರ್ದೇಶಕರೂ ಕಾಫ್ಕನೂ ಒಂದೇ ಪುಸ್ತಕದ ಮೇಲೆ ತಲೆ ಬಗ್ಗಿಸಿಕೊಂಡು ಹೈನೆಯ ಕವಿತೆಗಳನ್ನು ಓದುತ್ತಿದ್ದರಂತೆ. ಅಂಥ ಮೇಲಧಿಕಾರಿ ಎಷ್ಟು ಜನರಿಗೆ ದೊರೆಯುತ್ತಾನೆ?

ಮನೆಯ ಕಾಟವೇ ಕೆಲವೊಮ್ಮೆ ಹೆಚ್ಚು. ಕಾಫ್ಕನ ಕೊಠಡಿ ತಂದೆತಾಯಿಗಳ ಮಲಗುವ ಕೋಣೆಗೂ ನಡುಮನೆಗೂ ನಡುವೆ ಇತ್ತು. ಬಾಗಿಲು ಬಡಿಯುವ ಸದ್ದು, ತಂದೆಯ ಹೆಜ್ಜೆ, ತಂಗಿಯರ ಕೂಗು. ಈ ಗದ್ದಲವನ್ನು ಸಣ್ಣ ಬರಹವಾಗಿಸಿ 1912ರಲ್ಲಿ ಪತ್ರಿಕೆಯಲ್ಲಿಯೇ ಅಚ್ಚು ಹಾಕಿಸಿದನು. ಅದಕ್ಕಿಂತ ದೊಡ್ಡ ಸಂಕಟ, ಭಾವನೊಡನೆ ಸೇರಿ 1911ರಲ್ಲಿ ತೆರೆದ ಕಲ್ನಾರಿನ ಕಾರ್ಖಾನೆ. ಮರುವರ್ಷ ಅಕ್ಟೋಬರಿನಲ್ಲಿ, ಕಥೆಗಳು ಉಕ್ಕಿ ಬರುತ್ತಿದ್ದ ದಿನಗಳಲ್ಲಿಯೇ, ಭಾವನು ಊರಿನಲ್ಲಿಲ್ಲವಾದುದರಿಂದ ಮಧ್ಯಾಹ್ನದ ಹೊತ್ತು ಕಾರ್ಖಾನೆಯನ್ನು ನೋಡಿಕೊಳ್ಳಬೇಕೆಂದು ಮನೆಯವರು ಹಟ ಹಿಡಿದರು. ಅಚ್ಚುಮೆಚ್ಚಿನ ತಂಗಿ ಓಟ್ಲಾ ಕೂಡ ಅವರ ಪಕ್ಷ ವಹಿಸಿದಳು. ಆ ರಾತ್ರಿ ಕಾಫ್ಕನು ಬಹಳ ಹೊತ್ತು ಕಿಟಕಿಯ ಬಳಿ ನಿಂತಿದ್ದನು. ಪ್ರಾಣ ಬಿಡುವ ಯೋಚನೆ ಬಂದಿತ್ತೆಂದು ಬ್ರಾಡನಿಗೆ ಬರೆದನು. ಹೆದರಿದ ಬ್ರಾಡ್ ಗುಟ್ಟಾಗಿ ಕಾಫ್ಕನ ತಾಯಿಗೆ ಪತ್ರ ಬರೆದನು. ತಾಯಿಯು, ಗಂಡನಿಗೆ ತಿಳಿಯದಂತೆ, ಕಾರ್ಖಾನೆಗೆ ಬೇರೊಬ್ಬರನ್ನು ಗೊತ್ತುಮಾಡಿದಳು. ಮಗನ ಕಥೆಗಳು ಆ ತಾಯಿಗೆ ಅರ್ಥವಾಗುತ್ತಿದ್ದವೋ ಇಲ್ಲವೋ, ಮಗನ ಕಷ್ಟವಂತೂ ಅರ್ಥವಾಯಿತು.

ಇದನ್ನು ಓದಿದಂದಿನಿಂದ ನನ್ನ ಅಭಿಪ್ರಾಯವೊಂದು ಬದಲಾಗಿದೆ. ಬರೆಯುವವನಿಗೆ ಮನೆಯವರು ಓದುಗರಾಗಬೇಕಾಗಿಲ್ಲ, ಹೊಗಳಬೇಕಾಗಿಯೂ ಇಲ್ಲ. ಅವನ ಒಂದು ಗಂಟೆಯನ್ನು ಅವನಿಗೆ ಬಿಟ್ಟುಕೊಟ್ಟರೆ ಅದೇ ದೊಡ್ಡ ಪ್ರಶಸ್ತಿ.

ತೆತ್ತ ಬೆಲೆ

ಮಹಾಯುದ್ಧ ಬಂದಿತು. ಸೈನ್ಯಕ್ಕೆ ಸೇರಲು ಕಾಫ್ಕನೇ ಬಯಸಿದರೂ, ಈತನಿಲ್ಲದೆ ನಮ್ಮ ಕೆಲಸ ನಡೆಯದೆಂದು ಸಂಸ್ಥೆಯು ಅವನಿಗೆ ವಿನಾಯಿತಿ ಕೊಡಿಸಿತು. 1916ರ ಮೇ ತಿಂಗಳಲ್ಲಿ ಅವನು ನಿರ್ದೇಶಕರ ಬಳಿ ಹೋಗಿ, ಸಂಬಳವಿಲ್ಲದ ದೀರ್ಘ ರಜೆಯನ್ನಾದರೂ ಕೊಡಿ, ಇಲ್ಲವೆ ಸೈನ್ಯಕ್ಕಾದರೂ ಬಿಡಿ ಎಂದು ಕೇಳಿದನು. ನಿರ್ದೇಶಕರು ಮೂರು ವಾರ ರಜೆ ತೆಗೆದುಕೊಂಡು ವಿಶ್ರಮಿಸಲು ಹೇಳಿದರು. ಇಂಥ ಉತ್ತರವನ್ನು ಕಾಫ್ಕನೇ ಕಲ್ಪಿಸಬಹುದಿತ್ತು.

ರಾತ್ರಿಗಳನ್ನು ಕಡ ತಂದು ಬರೆದವನು ಬಡ್ಡಿ ತೆರದೆ ತೀರದು. ನಿದ್ರೆಯಿಲ್ಲದಿರುವುದು, ತಲೆನೋವು ಅವನಿಗೆ ವರ್ಷಗಟ್ಟಲೆ ನಿತ್ಯದ ಸಂಗಾತಿಗಳು. 1917ರ ಆಗಸ್ಟಿನಲ್ಲಿ ಒಂದು ಬೆಳಗಿನ ಜಾವ ಬಾಯಿಂದ ರಕ್ತ ಬಂದಿತು. ಕ್ಷಯ. ಕ್ಷಯಕ್ಕೆ ರೋಗಾಣು ಕಾರಣವೇ ಹೊರತು ಕಥೆಯಲ್ಲ. ಆದರೆ ಬಳಲಿದ ದೇಹದ ಮೇಲೆ ಅದು ಎರಗಿತೆಂಬುದೂ ನಿಜ. ನಿವೃತ್ತಿ ಬೇಡಿದನು, ಸಂಸ್ಥೆಯು ರಜೆ ಕೊಟ್ಟಿತು. ಮತ್ತೆ ಬಂದನು, ಮತ್ತೆ ರಜೆ. ರಜೆಗಳ ನಡುವೆ ಬಡ್ತಿಗಳು ಮಾತ್ರ ತಪ್ಪದೆ ಬರುತ್ತಿದ್ದವು: 1920ರಲ್ಲಿ ಒಂದು, 1922ರ ಆರಂಭದಲ್ಲಿ ಇನ್ನೊಂದು. ಕೊನೆಗೆ 1922ರ ಜುಲೈ 1ರಂದು, ಮೂವತ್ತೊಂಬತ್ತು ತುಂಬಲು ಎರಡು ದಿನವಿರುವಾಗ, ನಿವೃತ್ತಿ ವೇತನದೊಡನೆ ಬಿಡುಗಡೆ.

ಹದಿನಾಲ್ಕು ವರ್ಷ ಬಯಸಿದ ಹಗಲುಗಳು ಈಗ ಅವನ ಕೈಯಲ್ಲಿದ್ದವು. ಕಛೇರಿಯಿಲ್ಲ, ಮೊಕದ್ದಮೆಯಿಲ್ಲ. ಆಗ ಕೈಯಲ್ಲಿದ್ದುದು ‘ಕೋಟೆ’. ಕೆಲವೇ ವಾರಗಳಲ್ಲಿ, ಆ ಬೇಸಗೆಯ ಕೊನೆಗೆ, ಅದನ್ನು ಅರ್ಧಕ್ಕೆ ನಿಲ್ಲಿಸಿಬಿಟ್ಟನು. ಬಿಡುವು ಬಂದಾಗ ಬಲ ಹೋಗಿತ್ತು. ಆಮೇಲೆಯೂ ಕೆಲವು ಒಳ್ಳೆಯ ಕಥೆಗಳನ್ನು ಬರೆದನೆಂಬುದು ಬೇರೆ ಮಾತು. 1924ರ ಜೂನ್ 3ರಂದು, ವಿಯೆನ್ನದ ಬಳಿಯ ಕೀರ್ಲಿಂಗ್ ಎಂಬಲ್ಲಿ ಕೊನೆಯುಸಿರೆಳೆದನು. ನಾಲ್ವತ್ತೊಂದು ತುಂಬಿರಲಿಲ್ಲ. ಕೈಬರಹಗಳನ್ನೆಲ್ಲ ಸುಟ್ಟುಬಿಡೆಂದು ಗೆಳೆಯನನ್ನು ಕೇಳಿಕೊಂಡಿದ್ದನು. ಬ್ರಾಡ್ ಸುಡಲಿಲ್ಲ. 1925ರಲ್ಲಿ ‘ವಿಚಾರಣೆ’, 1926ರಲ್ಲಿ ‘ಕೋಟೆ’ ಹೊರಬಂದವು. ಉಳಿದದ್ದು ಲೋಕಕ್ಕೆ ಗೊತ್ತಿದೆ.

ಡ್ರಾಯರಿನ ಪತ್ರ

ನನ್ನದೊಂದು ಸಣ್ಣ ಅನುಭವವನ್ನು ಹೇಳಿ ಮುಗಿಸುತ್ತೇನೆ. ಎರಡು ವರ್ಷಗಳ ಹಿಂದೆ ಕಾದಂಬರಿಯೊಂದನ್ನು ಮುಗಿಸಬೇಕೆಂದು ಮೂರು ತಿಂಗಳು ಸಂಬಳವಿಲ್ಲದ ರಜೆ ಹಾಕಿದೆ. ಹೆಂಡತಿ ತನ್ನ ಸಂಬಳದಲ್ಲಿ ಸಂಸಾರ ತೂಗಿಸಿದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಮೇಜಿನ ಮುಂದೆ ಕುಳಿತೆ. ಪೆನ್ಸಿಲುಗಳನ್ನೆಲ್ಲ ಚೂಪು ಮಾಡಿದೆ. ಪುಸ್ತಕದ ಬೀರುವನ್ನು ಮೂರು ಬಗೆಯಲ್ಲಿ ಜೋಡಿಸಿದೆ. ತೊಂಬತ್ತು ದಿನಗಳಲ್ಲಿ ಬರೆದದ್ದು ಹನ್ನೊಂದು ಪುಟ. ಅದರಲ್ಲಿ ಯಾರೂ ಸಾಯಲಿಲ್ಲ, ಯಾರೂ ನಗಲಿಲ್ಲ. ಕಾಲೇಜಿಗೆ ಮರಳಿದ ಮೊದಲನೆಯ ವಾರವೇ, ಹಾಜರಿ ಪುಸ್ತಕದಲ್ಲಿ ಊರು ಬಿಟ್ಟುಹೋದ ಹುಡುಗನೊಬ್ಬನ ಹೆಸರಿಗೆ ಯಾರೋ ‘ಹಾಜರ್’ ಎಂದು ಕೂಗಿದರು. ಆ ರಾತ್ರಿ ಒಂದು ಕಥೆ ಹುಟ್ಟಿತು.

ಇದರಿಂದ, ಕೆಲಸವೇ ಬರಹಗಾರನ ಗುರು, ಆದ್ದರಿಂದ ಎಲ್ಲರೂ ಸುಮ್ಮನೆ ದುಡಿಯಿರಿ ಎಂದು ನಾನು ಬೋಧಿಸಹೊರಟಿಲ್ಲ. ಹಾಗೆಂದರೆ ಕಾಫ್ಕನ ಉಗುಳಿನಲ್ಲಿದ್ದ ರಕ್ತಕ್ಕೆ ಅವಮಾನ. ಅವನಿಗೆ ನಾಲ್ಕು ಗಂಟೆ ಹೆಚ್ಚು ನಿದ್ರೆ ದೊರೆತಿದ್ದರೆ ಇನ್ನೂ ಎರಡು ಕಾದಂಬರಿಗಳು ಮುಗಿಯುತ್ತಿದ್ದವೇನೋ. ಆದರೆ ಕೆಲಸವನ್ನು ಕಳ್ಳನೆಂದು ಮಾತ್ರ ಕಂಡರೆ ಅದು ನಮ್ಮ ಮನೆಯಲ್ಲಿ ಬಿಟ್ಟುಹೋದ ಸಾಮಾನನ್ನು ನಾವು ಕಾಣದೆ ಹೋಗುತ್ತೇವೆ. ಕರಾಳ ಹಾಸ್ಯ ಬರೆಯುವವನಿಗಂತೂ ಈ ಮಾತು ಎರಡು ಪಟ್ಟು ನಿಜ. ಅವನ ನಗು ಹುಟ್ಟುವುದು ನಗಬಾರದ ಕಡೆಯಲ್ಲಿ: ಅಧ್ಯಕ್ಷರ ಕೊಠಡಿಯಲ್ಲಿ, ಅಪಘಾತದ ವರದಿಯಲ್ಲಿ, ಹಾಜರಿ ಪುಸ್ತಕದಲ್ಲಿ. ಅಲ್ಲಿಗೆ ಪ್ರತಿದಿನವೂ ಹೋಗಬೇಕಾದವನಿಗೆ ಮಾತ್ರ ಆ ಜಾಗಗಳ ಗುಟ್ಟು ತಿಳಿಯುತ್ತದೆ.

ಕಾಫ್ಕನಿಂದ ನಾನು ಕಲಿತದ್ದು ಎರಡೇ ಮಾತು. ಕೆಲಸವನ್ನು ಆರಿಸುವಾಗ ಸಂಬಳವನ್ನಷ್ಟೇ ಅಲ್ಲ, ಅದು ನಮಗೆ ಉಳಿಸುವ ಗಂಟೆಗಳನ್ನೂ ಎಣಿಸಬೇಕು. ಅವನಿಂದ ಕಲಿಯಬಾರದೆಂದು ಕಲಿತದ್ದು, ಆ ಗಂಟೆಗಳನ್ನು ನಿದ್ರೆಯಿಂದ ಕದಿಯಬಾರದು. ಈಗ ನಾನು ಬೆಳಗಿನ ಐದಕ್ಕೆ ಎದ್ದು ಏಳರವರೆಗೆ ಬರೆಯುತ್ತೇನೆ. ರಾತ್ರಿ ಹತ್ತಕ್ಕೆ ದೀಪ ಆರಿಸುತ್ತೇನೆ. ಪುಟಗಳು ಕಡಮೆ, ತಲೆನೋವೂ ಕಡಮೆ.

ಈ ವರ್ಷ ರಾಜೀನಾಮೆ ಪತ್ರವನ್ನು ತೆಗೆದು ನೋಡಿದೆ. ಒಂದು ಅಲ್ಪವಿರಾಮವನ್ನು ಹಾಕಿ ಮತ್ತೆ ಒಳಗಿಟ್ಟೆ. ಹೆಂಡತಿ ನೋಡಿದಳು. “ಅದನ್ನ ಕಥೆ ಅಂತ ಎಲ್ಲಾದ್ರೂ ಕಳಿಸ್ಬಾರ್ದೇನ್ರೀ?” ಎಂದಳು. ಆ ಮಾತು ನನಗೆ ಹೊಳೆದಿರಲಿಲ್ಲ. ಯೋಚಿಸುತ್ತಿದ್ದೇನೆ.